ನನ್ನ ಕೆನ್ನೆ, ಅವರ ಗದ್ದುಗೆ

ನಮ್ಮೂರಿನಲ್ಲಿ ಕೆನ್ನೆಗೆ ಚಳುಕು ಹೊಡೆಸುವ ದೇವತೆ ಚಳುಕಮ್ಮ ಇರುವುದು ಒಬ್ಬಳೇ. ಒಂದು ಸಲಕ್ಕೆ ಒಂದೇ ಕೆನ್ನೆಯಲ್ಲಿ ಕೂರುತ್ತಾಳೆ. ಆ ಕೆನ್ನೆಯವರು ಸತ್ತರೆ, ಇಲ್ಲವೇ ಅವಳಿಗೇ ಬೇಜಾರಾದರೆ, ಎದ್ದು ಇನ್ನೊಬ್ಬರ ಕೆನ್ನೆಗೆ ಹೋಗುತ್ತಾಳೆ. ಅವಳು ಯಾರ ಮನೆಯಲ್ಲಿ ಕೂತಳೋ ಆ ಮನೆಗೆ ಊರಿನ ಗದ್ದುಗೆ. ಅಜ್ಜ ಮುತ್ತಜ್ಜರ ಕಾಲದಿಂದ ಹೀಗೇ ನಡೆದುಕೊಂಡು ಬಂದಿದೆ. ಬೇರೆ ಊರುಗಳಲ್ಲಿ ಗದ್ದುಗೆಗೆ ಹೇಗೆ ಆರಿಸುತ್ತಾರೋ ನನಗೆ ಗೊತ್ತಿಲ್ಲ. ಅಲ್ಲಿಯೂ ಯಾರದೋ ನೋವಿನ ಮೇಲೆ ಇನ್ಯಾರೋ ಕೂತಿರುತ್ತಾರೆ ಎಂದು ಮಾತ್ರ ಕೇಳಿದ್ದೇನೆ.

ಮೊದಲು ಚಳುಕಮ್ಮ ಇದ್ದದ್ದು ಹಿಟ್ಟಿನ ಗಿರಣಿಯ ಕೆಂಚಬಸಪ್ಪನವರ ಕೆನ್ನೆಯಲ್ಲಿ. ಅವರು ತೀರಿಕೊಂಡ ದಿನ ಊರಿನ ಗಂಡಸರೆಲ್ಲ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಹೆಂಗಸರು ಸೆರಗು ಸರಿಸಿಕೊಂಡು ಜಗಲಿಯ ಮೇಲೆ ಕೂತು, ಗಾಳಿ ಬಂದ ದಿಕ್ಕಿಗೆ ಕೆನ್ನೆ ತಿರುಗಿಸಿಕೊಂಡು ಕಾದರು. ಹೆಣ ಎತ್ತಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು, ಹೆಗಲು ಕೊಟ್ಟರೆ ಕೆನ್ನೆ ಮರೆಯಾಗುತ್ತದಲ್ಲ! ಹುಳುಕು ಹಲ್ಲಿನಿಂದ ದವಡೆ ಊದಿಸಿಕೊಂಡಿದ್ದ ಒಬ್ಬ ಮೇಷ್ಟರು "ಇದು ಅವಳೇ ನೋಡ್ರಿ, ಅವಳೇ" ಎಂದು ಬೀದಿ ಬೀದಿ ತಿರುಗಿದರು. ಹಿರಿಯರು ನೋಡಿ, "ಅಮ್ಮ ಊದಿಸೋದಿಲ್ಲ ಮೇಷ್ಟ್ರೇ, ಮನೆಗೆ ಹೋಗಿ ಲವಂಗ ಕಚ್ಕೊಳ್ರಿ" ಎಂದು ಕಳಿಸಿದರು.

ಕೆನ್ನೆ ಒಡ್ಡದೆ ಇದ್ದವಳು ನಾನೊಬ್ಬಳೇ ಇರಬೇಕು. ನನ್ನ ಹೆಸರು ಸರ್ವಮಂಗಳ. ಅಂದು ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಹಿತ್ತಿಲಿಗೆ ಬಂದು ಮುಖಕ್ಕೆ ತಣ್ಣೀರು ಹಾಕಿಕೊಂಡೆ. ಬಲಗಡೆ ಮೂಗಿನ ಪಕ್ಕದಿಂದ ದವಡೆಯವರೆಗೆ ಕರೆಂಟು ಹೊಡೆದ ಹಾಗಾಯಿತು. ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ. ಆಮೇಲೆ ಏನೂ ಇಲ್ಲ. ಕೈಯಲ್ಲಿದ್ದ ತಂಬಿಗೆ ಕೈಯಲ್ಲೇ ಇತ್ತು, ಕಾಗೆ ಕೂಗುತ್ತಿತ್ತು. ಭ್ರಮೆಯೋ ಏನೋ ಎಂದು ಮತ್ತೆ ನೀರು ಸೋಕಿಸಿದೆ. ಮತ್ತೆ ಹೊಡೆಯಿತು. ಅಯ್ಯೋ ಅನ್ನೋಣವೆಂದರೆ ಬಾಯಿ ತೆರೆದದ್ದಕ್ಕೂ ಹೊಡೆಯಿತು. ತಾಯಿಯಾಣೆ ಹೇಳುತ್ತೇನೆ, ನಾಲ್ಕು ಹೆತ್ತವಳು ನಾನು, ಅಂಥ ನೋವು ಕಂಡಿರಲಿಲ್ಲ.

ಗಂಡನ ಹೆಸರನ್ನು ಹೆಂಡತಿ ಹೇಳಬಾರದಂತೆ. ಇಷ್ಟು ವರ್ಷ ಹೇಳಿರಲಿಲ್ಲ, ಈಗ ಹೇಳುತ್ತೇನೆ: ವೃಷಭೇಂದ್ರಪ್ಪ. ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಯಾರ ಮದುವೆಯಾದರೂ ಸರಿ, ತಿಥಿಯಾದರೂ ಸರಿ, ಮೈಕು ಸರಿಯಾಗಿದೆಯೇ ಎಂದು ನೋಡುವ ನೆಪದಲ್ಲಿ ಎರಡು ಮಾತು ಆಡಿಯೇ ಇಳಿಯುತ್ತಿದ್ದರು. ಅವರು ನನ್ನನ್ನು ನೋಡಿ, "ಹಲ್ಲು ಕೆಟ್ಟಿರ್ಬೇಕು ಕಣೇ" ಎಂದು ಹಲ್ಲಿನ ಡಾಕ್ಟರ್ ಮುರಿಗೆಪ್ಪನ ಬಳಿ ಕರೆದುಕೊಂಡು ಹೋದರು. ಮುರಿಗೆಪ್ಪ ಒಂದು ದವಡೆಹಲ್ಲು ಕಿತ್ತ. ನೋವು ಹೋಗಲಿಲ್ಲ. ಅದರ ಪಕ್ಕದ್ದನ್ನು ಕಿತ್ತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರನೆಯದಕ್ಕೆ ಇಕ್ಕಳ ಎತ್ತಿದಾಗ ಕಿಟಕಿಯಿಂದ ಒಂದಿಷ್ಟು ಗಾಳಿ ಬೀಸಿತು, ನಾನು ಕುರ್ಚಿಯ ಮೇಲೆ ಸೆಟೆದುಕೊಂಡೆ. ಮುರಿಗೆಪ್ಪ ಇಕ್ಕಳ ಕೆಳಗಿಟ್ಟು ಕೈಮುಗಿದ.

"ವೃಷಭೇಂದ್ರಣ್ಣ, ಇದು ಹಲ್ಲಲ್ಲ. ನಿಮ್ಮನೆಗೆ ಅಮ್ಮ ಬಂದ್ಬಿಟ್ಟಿದಾಳೆ."

ಇವರ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ನನ್ನನ್ನು ಆ ಕುರ್ಚಿಯಲ್ಲೇ ಬಿಟ್ಟು ಬೀದಿಗೆ ಓಡಿ, "ನನ್ನ ಹೆಂಡ್ತಿಗೆ ಬಂತು! ನನ್ನ ಹೆಂಡ್ತಿಗೆ ಬಂತು!" ಎಂದು ಕೂಗಿದರು. ನಾನು ಬಾಯಿಗೆ ಹತ್ತಿ ತುರುಕಿಕೊಂಡು ಮನೆಗೆ ನಡೆದು ಬರುವಷ್ಟರಲ್ಲಿ ಬಾಗಿಲ ಮುಂದೆ ಶಾಮಿಯಾನ ಎದ್ದು ನಿಂತಿತ್ತು. ಕಿತ್ತ ಎರಡು ಹಲ್ಲುಗಳನ್ನು ಬೆಳ್ಳಿ ಬಟ್ಟಲಿನಲ್ಲಿಟ್ಟು ಊರ ಚಾವಡಿಯಲ್ಲಿ ಪ್ರತಿಷ್ಠಾಪಿಸಿದರು. ಪಾಪ, ಆ ಹಲ್ಲುಗಳು ಏನೂ ಮಾಡಿರಲಿಲ್ಲ. ಈಗಲೂ ದಿನಾ ಹೂವು ಬೀಳುತ್ತದೆ ಅವುಗಳ ಮೇಲೆ.

ಚಳುಕಮ್ಮ ಹೆಂಗಸಿನ ಕೆನ್ನೆಗೆ ಬಂದರೆ ಗದ್ದುಗೆಯ ಮೇಲೆ ಕೂರುವುದು ಗಂಡ. ಹೆಂಗಸು ಕೆಳಗೆ, ಮಣೆಯ ಮೇಲೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದವಳಿಗೆ ಬಾಯಿ ತೆರೆಯಲಿಕ್ಕೇ ಆಗುವುದಿಲ್ಲವಲ್ಲ. ಸಭೆಯಲ್ಲಿ ಒಂದೊಂದು ವಿಷಯ ಓದಿದ ಮೇಲೂ ನನ್ನ ಕೆನ್ನೆಯ ಮೇಲೆ ನವಿಲುಗರಿ ಎಳೆಯುತ್ತಾರೆ. ಚಳುಕು ಹೊಡೆದರೆ ಅಮ್ಮ ಒಪ್ಪಿದಳು ಎಂದರ್ಥ, ಹೊಡೆಯದಿದ್ದರೆ ಇಲ್ಲ. ಗರಿ ಎಳೆಯುವ ಕೆಲಸ ಹೂವಾಡಗಿತ್ತಿ ದ್ಯಾಮಕ್ಕನ ಮನೆತನದ್ದು. ನನ್ನ ಓರಗೆಯವಳು, ಒಂದೇ ಬಾವಿಯಲ್ಲಿ ನೀರು ಸೇದಿದವರು ನಾವು. ಮೊದಲ ಸಭೆಯಲ್ಲಿ "ತಪ್ಪು ತಿಳ್ಕೋಬೇಡ ಕಣೆ ಮಂಗಳಾ" ಎಂದು ಪಿಸುಗುಟ್ಟಿ ಗರಿ ಎಳೆದಳು.

ನಮ್ಮನೆಯವರು ಬುದ್ಧಿವಂತರು. ನೋವು ಎಲ್ಲೆಲ್ಲಿ ಮುಟ್ಟಿದರೆ ಏಳುತ್ತದೆ, ಎಲ್ಲಿ ಮುಟ್ಟಿದರೆ ಏಳುವುದಿಲ್ಲ ಎನ್ನುವುದನ್ನು ನಾನು ಊಟ ಮಾಡುವಾಗ, ತಲೆ ಬಾಚುವಾಗ ಎದುರಿಗೆ ಕೂತು ನೋಡಿ ನೋಡಿ ಕಲಿತರು. ಹೆಂಡತಿಯ ಮುಖವನ್ನು ಅವರು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಆಮೇಲೆ ಸಭೆಯಲ್ಲಿ ಅವರು ಕೆಮ್ಮಿದರೆ ದ್ಯಾಮಕ್ಕ ಮೂಗಿನ ಪಕ್ಕದಲ್ಲೇ ಗರಿ ಎಳೆಯಬೇಕು. ಕೆಮ್ಮದಿದ್ದರೆ ಕಿವಿಯ ಹತ್ತಿರ, ಏನೂ ಆಗದ ಕಡೆ. ಗದ್ದುಗೆಯ ವಾರ್ಷಿಕೋತ್ಸವ ಎಂದರು, ಕೆಮ್ಮಿದರು, ನನಗೆ ಹೊಡೆಯಿತು. ವಾರ್ಷಿಕೋತ್ಸವದ ಪೂರ್ವಭಾವಿ ಸಭೆ ಎಂದರು, ಕೆಮ್ಮಿದರು, ಹೊಡೆಯಿತು. ಪೂರ್ವಭಾವಿ ಸಭೆ ಯಶಸ್ವಿಯಾದದ್ದಕ್ಕೆ ಅಭಿನಂದನಾ ಸಭೆ. ಎಲ್ಲಕ್ಕೂ ಶಾಮಿಯಾನ ನಮ್ಮದೇ, ಮೈಕೂ ನಮ್ಮದೇ. ಹೂಗಾರರ ಓಣಿಗೆ ಒಂದು ನಲ್ಲಿ ಹಾಕಿಸಿ ಎಂದು ದ್ಯಾಮಕ್ಕನೇ ಅರ್ಜಿ ಹಾಕಿದ್ದಳು. ಇವರು ಕೆಮ್ಮಲಿಲ್ಲ. ತನ್ನ ಓಣಿಯ ನಲ್ಲಿಯನ್ನು ತನ್ನ ಕೈಯಿಂದಲೇ ಕಿವಿಯ ಹತ್ತಿರ ಎಳೆದು ಬೀಳಿಸಿದಳು ಅವಳು. ಮೂಗಿನ ಪಕ್ಕ ಎಳೆದಿದ್ದರೆ ನಲ್ಲಿ ಬರುತ್ತಿತ್ತು. ಯಾಕೆ ಎಳೆಯಲಿಲ್ಲ ಎಂದು ಆಮೇಲೆ ಕಣ್ಣಲ್ಲೇ ಕೇಳಿದೆ. "ಬಿಡೇ, ನಿಂಗೆ ಒಂದಾದ್ರೂ ತಪ್ಪಲಿ ಅಂತ" ಎಂದಳು.

ನಾನು ಅಗಿಯುವುದನ್ನು ಬಿಟ್ಟೆ, ಗಂಜಿ ಕುಡಿದೆ. ಮಾತು ಬಿಟ್ಟೆ, ನಗು ಬಿಟ್ಟೆ. ಹಲ್ಲುಜ್ಜುವುದೆಂದರೆ ಯುದ್ಧ. ಮೊಮ್ಮಗಳು ಕೆನ್ನೆಗೆ ಮುತ್ತು ಕೊಡಲು ಬಂದರೆ ಕೈ ಅಡ್ಡ ಹಿಡಿದೆ, ಅದು ಮುಖ ಸಪ್ಪಗೆ ಮಾಡಿಕೊಂಡು ಹೋಯಿತು. ಊರಿನಲ್ಲಿ ಮಾತ್ರ ಎಲ್ಲರೂ ನೋವನ್ನು ಕಲಿತರು. ಇವರು ಭಾಷಣದಲ್ಲಿ "ನಮ್ಮ ಈ ನೋವು" ಎಂದು ಬಲಗೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುವ ಭಂಗಿ ಎಷ್ಟು ಚೆನ್ನಾಗಿತ್ತೆಂದರೆ, ಮದುವೆಯ ಫೋಟೊಗಳಲ್ಲಿ ಹುಡುಗರೆಲ್ಲ ಹಾಗೇ ನಿಲ್ಲತೊಡಗಿದರು. ಒಂದು ವಿಷಯ ಅವರಿಗೆ ಗೊತ್ತಿರಲಿಲ್ಲ: ನಿಜವಾಗಿ ಹೊಡೆಯುವ ಕೆನ್ನೆಯ ಮೇಲೆ ಯಾರೂ ಕೈ ಇಡುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಮ್ಮೆ ತಡೆಯಲಾಗದೆ ಇವರ ಕಾಲು ಹಿಡಿದುಕೊಂಡೆ. ಹೊಳೆಯಾಚೆಯ ಊರಿನಲ್ಲಿ ನರದ ಡಾಕ್ಟರು ಇದ್ದಾರಂತೆ, ಕರೆದುಕೊಂಡು ಹೋಗಿ ಎಂದು ಸನ್ನೆ ಮಾಡಿದೆ. ಇವರು ನನ್ನ ತಲೆ ಸವರಿದರು.

"ಅಮ್ಮ ಕೂತ ಕೆನ್ನೆ ಊರ ಗಡಿ ದಾಟಬಾರ್ದು ಅಂತ ನಿಂಗೊತ್ತಿಲ್ವಾ? ಇದೊಂದು ಸಭೆ ಸಹಿಸ್ಕೋ ಮಂಗಳಾ. ಇದೊಂದೇ ಸಭೆ."

ಅದಾದ ಮೇಲೆ ಇನ್ನೊಂದು ಸಭೆ. ಅದಾದ ಮೇಲೆ ಮತ್ತೊಂದು. ಪ್ರತಿ ಸಲವೂ ಅದೇ ಮಾತು, ಅದೇ ಮೆಲುದನಿ. ಮೆಲುದನಿಯನ್ನು ನಾನು ದ್ವೇಷಿಸಲು ಕಲಿತದ್ದು ಆಗ.

ಕಡೆಗೆ ಕರೆದುಕೊಂಡು ಹೋದವಳು ದ್ಯಾಮಕ್ಕ. ಇವರು ಒಂದು ಪೂರ್ವಭಾವಿ ಸಭೆಗೆ ಕುರ್ಚಿ ಹಾಕಿಸಲು ಹೋಗಿದ್ದ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಬಂದು, "ನಡೀಯೇ. ನಿನ್ನ ಮುಖದ ಮೇಲೆ ಗರಿ ಎಳ್ದು ಎಳ್ದು ನಂಗೆ ಅನ್ನ ಇಳೀತಿಲ್ಲ" ಎಂದಳು. ಅವಳ ಅಣ್ಣನ ಹೂವಿನ ಟೆಂಪೊದಲ್ಲಿ ಮಲ್ಲಿಗೆ ಬುಟ್ಟಿಗಳ ನಡುವೆ ಶಾಲು ಸುತ್ತಿಕೊಂಡು ಕೂತೆ. ಗಡಿಯ ಚೌಕಿಯಲ್ಲಿ ದಾಟುವವರ ಕೆನ್ನೆ ಮುಟ್ಟಿ ನೋಡಿಯೇ ಬಿಡುತ್ತಾರೆ. ಕಾವಲಿನವನು ಟೆಂಪೊದ ತಾಡಪತ್ರಿ ಎತ್ತಿದ. ಹೊಳೆಯ ಗಾಳಿ ಶಾಲಿನೊಳಗೆ ನುಗ್ಗಿ ಹೊಡೆಯಿತು ನೋಡಿ, ಕಣ್ಣು ಕತ್ತಲಿಟ್ಟಿತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದ್ಯಾಮಕ್ಕ ಅವನ ಕೈಗೆ ಒಂದು ಮೊಳ ಮಲ್ಲಿಗೆ ಕೊಟ್ಟು, "ಹೆಂಡ್ತಿಗೆ ಮುಡಿಸಪ್ಪಾ, ಜಗಳ ಆಡಿದೀರಂತೆ" ಎಂದಳು. ಅವನು ನಾಚಿಕೊಂಡು ತಾಡಪತ್ರಿ ಬಿಟ್ಟ.

ಹೊಳೆಯಾಚೆಯ ಡಾಕ್ಟರ ಹೆಸರು ತಬಸ್ಸುಮ್. ನಾನು ಏನನ್ನೂ ಹೇಳುವ ಮೊದಲೇ ತಲೆಯ ಮೇಲಿನ ಫ್ಯಾನು ಆರಿಸಿದರು. ಆಮೇಲೆ ತಮ್ಮ ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು, "ಮಾತಾಡ್ಬೇಡಿ ಅಮ್ಮಾ. ಎಲ್ಲಿ ನೋಯುತ್ತೆ, ಬೆರಳಲ್ಲಿ ತೋರಿಸಿ. ಮುಟ್ಟಬೇಡಿ, ದೂರದಿಂದ ಸಾಕು" ಎಂದರು.

ನಾನು ಅಳತೊಡಗಿದೆ. ಕಣ್ಣೀರು ಕೆನ್ನೆಗೆ ಇಳಿದರೂ ಹೊಡೆಯುತ್ತದೆ, ಆದರೂ ಅತ್ತೆ. ಊರಿಗೆ ಊರೇ ನನ್ನ ನೋವಿಗೆ ಕೈಮುಗಿದಿತ್ತು. ಎಲ್ಲಿ ನೋಯುತ್ತದೆ ಎಂದು ಕೇಳಿದವರು ಈ ಡಾಕ್ಟರೊಬ್ಬರೇ.

ಡಾಕ್ಟರು ಕಾಗದದ ಮೇಲೆ ಒಂದು ಮುಖ ಬರೆದು ತೋರಿಸಿದರು. ಮುಖಕ್ಕೆಲ್ಲ ಒಂದೊಂದು ಕಡೆಗೆ ಒಂದೊಂದು ನರವಂತೆ. ಕಿವಿಯ ಮುಂದೆ ಬಂದು ಮೂರು ಕವಲಾಗಿ ಒಂದು ಹಣೆಗೆ, ಒಂದು ಕೆನ್ನೆಗೆ, ಒಂದು ದವಡೆಗೆ ಹೋಗುತ್ತದಂತೆ. ಬುಡದಲ್ಲಿ ಯಾವುದೋ ರಕ್ತನಾಳ ಒತ್ತಿ ಒತ್ತಿ ನರದ ಹೊದಿಕೆ ಸವೆದರೆ, ಗಾಳಿ ಸೋಕಿದರೂ ಅದು ಬೆಂಕಿ ಬಿತ್ತೆಂದು ಕೂಗುತ್ತದಂತೆ. "ಹಲ್ಲು ಕೀಳಿಸಿದ್ರಾ?" ಎಂದು ಕೇಳಿ, ನಾನು ತಲೆಯಾಡಿಸಿದಾಗ, "ಎಲ್ಲರೂ ಕೀಳಿಸ್ಕೊಂಡೇ ಬರ್ತಾರೆ" ಎಂದು ನಿಟ್ಟುಸಿರುಬಿಟ್ಟರು. ಮಾತ್ರೆ ಬರೆದುಕೊಟ್ಟರು. ಮೊದಲು ಅರ್ಧ, ಆಮೇಲೆ ನಿಧಾನವಾಗಿ ಏರಿಸುವುದು. ತಲೆ ಸುತ್ತುತ್ತದೆ, ನಿದ್ದೆ ಬರುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು. ಮಾತ್ರೆಗೆ ಬಗ್ಗದಿದ್ದರೆ ಆಪರೇಷನ್ ಇದೆ, ಹೆದರಬೇಡಿ. ಚಳುಕಮ್ಮನ ವಿಷಯ ದ್ಯಾಮಕ್ಕ ಹೇಳಲು ಹೋದಳು. ಡಾಕ್ಟರು ಕೇಳಿಸಿಕೊಂಡು, "ಅಮ್ಮನಿಗೂ ಮಾತ್ರೆ ಹಿಡಿಯುತ್ತೆ, ಕೊಡಿ" ಎಂದರು.

ಹಿಡಿಯಿತು. ಮೊದಮೊದಲು ಗೋಡೆ ಹಿಡಿದು ನಡೆದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಆಮೇಲೆ ಒಂದು ಬೆಳಿಗ್ಗೆ ಮುಖ ತೊಳೆದೆ. ನೀರು ಬರೀ ನೀರಾಗಿತ್ತು. ಇನ್ನೊಂದು ತಂಬಿಗೆ ಹಾಕಿಕೊಂಡೆ, ಮತ್ತೊಂದು ಹಾಕಿಕೊಂಡೆ, ರವಿಕೆ ಒದ್ದೆಯಾಗುವವರೆಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ, ದ್ಯಾಮಕ್ಕನಿಗೂ. ಬಾಯಿ ತಪ್ಪಿ ಎಲ್ಲಾದರೂ ಬಂದುಬಿಟ್ಟರೆ ಮಾತ್ರೆ ಕಿತ್ತುಕೊಳ್ಳುತ್ತಾರೆ ಎಂಬ ಭಯ.

ಅಷ್ಟರಲ್ಲಿ ದೊಡ್ಡ ಸಭೆ ಬಂತು. ವಿಷಯ ಒಂದೇ: ಇನ್ನು ಮುಂದೆ ಚಳುಕಮ್ಮ ಎಲ್ಲಿಗೇ ಹೋಗಲಿ, ಗದ್ದುಗೆ ಮಾತ್ರ ವೃಷಭೇಂದ್ರಪ್ಪನವರ ಮನೆತನದಲ್ಲೇ ಶಾಶ್ವತವಾಗಿ ಇರತಕ್ಕದ್ದು. ಊರ ಬಯಲು ತುಂಬ ಶಾಮಿಯಾನ. ಅಮ್ಮನ ಒಪ್ಪಿಗೆ ಇಡೀ ಊರಿಗೆ ಕೇಳಿಸಲಿ ಎಂದು ನನ್ನ ಬಾಯಿಯ ಹತ್ತಿರ ಮೈಕು ಇಟ್ಟಿದ್ದರು. ಗರಿ ಸಾಲದೆ ಹೋದೀತು ಎಂದು ಎದುರಿಗೆ ಒಂದು ದೊಡ್ಡ ಫ್ಯಾನು ಬೇರೆ. ಪಕ್ಕದಲ್ಲಿ ಅತಿಥಿಗಳಿಗೆಂದು ಒಂದು ತಟ್ಟೆ ಚಕ್ಕುಲಿ. ಕೂರುವ ಮೊದಲು ಇವರು ಬಗ್ಗಿ, "ಇದೊಂದು ಸಭೆ ಸಹಿಸ್ಕೋ ಮಂಗಳಾ" ಎಂದರು.

ವಿಷಯ ಓದಿದರು. ಇವರು ಕೆಮ್ಮಿದರು. ದ್ಯಾಮಕ್ಕ ಕಣ್ಣು ಮುಚ್ಚಿಕೊಂಡು ಮೂಗಿನ ಪಕ್ಕ ಗರಿ ಎಳೆದಳು. ಏನೂ ಆಗಲಿಲ್ಲ. ಇವರು ಮತ್ತೆ ಕೆಮ್ಮಿದರು. ಗರಿ ಮತ್ತೆ ಬಂತು. ಫ್ಯಾನು ಜೋರು ಮಾಡಿಸಿದರು, ನನ್ನ ಕೂದಲೆಲ್ಲ ಹಾರಿತು. ಎಷ್ಟು ತಂಪಾದ ಗಾಳಿ! ಇವರಿಗೆ ಕೆಮ್ಮು ಹತ್ತಿಕೊಂಡಿತು, ಯಾರೋ ನೀರು ತಂದು ಕೊಟ್ಟರು. ಜನ ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಕೈಚಾಚಿ ತಟ್ಟೆಯಿಂದ ಒಂದು ಚಕ್ಕುಲಿ ತೆಗೆದುಕೊಂಡೆ. ಬಲಗಡೆಗೇ, ಎರಡು ಹಲ್ಲಿಲ್ಲದ ಕಡೆಗೇ ಇಟ್ಟು, ಉಳಿದ ಹಲ್ಲುಗಳಿಂದ ಕಚ್ಚಿದೆ.

ಕಟುಂ ಎಂದಿತು. ಮೈಕು ಒಳ್ಳೆಯದು, ನಮ್ಮ ಅಂಗಡಿಯದೇ. ಬಯಲಿನ ಕಂಬಕಂಬದ ಹಾರ್ನಿನಿಂದಲೂ ಕಟುಂ ಕಟುಂ ಎಂದು ಊರಿಗೆಲ್ಲ ಕೇಳಿಸಿತು. ಸಭೆ ಸ್ತಬ್ಧವಾಗಿ ನಾನು ಚಕ್ಕುಲಿ ಅಗಿಯುವುದನ್ನು ಕೇಳಿತು. ಜೀರಿಗೆ ಸ್ವಲ್ಪ ಹೆಚ್ಚಾಗಿತ್ತು. ಆದರೂ ಅಂಥ ಚಕ್ಕುಲಿ ನಾನು ಜನ್ಮದಲ್ಲಿ ತಿಂದಿಲ್ಲ. ನುಂಗಿ ಮೈಕಿಗೆ ಬಾಯಿ ಹಚ್ಚಿ, "ಅಮ್ಮ ಒಪ್ಪಲಿಲ್ಲ" ಎಂದೆ. ನಗು ಬಂತು, ನಕ್ಕೂಬಿಟ್ಟೆ.

ಆಗ ಅರ್ಥವಾಯಿತು ಜನರಿಗೆ: ಅಮ್ಮ ಎದ್ದಿದ್ದಾಳೆ, ಗದ್ದುಗೆ ಖಾಲಿ! "ಅಯ್ಯೋ" ಎಂದ ಒಬ್ಬ. "ಅಯ್ಯಯ್ಯೋ ನನ್ನ ಕೆನ್ನೆ" ಎಂದ ಇನ್ನೊಬ್ಬ. ಮೇಷ್ಟರು ಕುರ್ಚಿ ಹತ್ತಿ ನಿಂತು ಕಿರುಚಿದರು. ಬಯಲಿಗೆ ಬಯಲೇ ಕೆನ್ನೆ ಹಿಡಿದುಕೊಂಡು ಹೊರಳಾಡಿತು. ಎಲ್ಲರಿಗಿಂತ ಚೆನ್ನಾಗಿ ಕೂಗಿದವರು ನಮ್ಮನೆಯವರೇ. ಹೇಳಿ ಕೇಳಿ ಅಭ್ಯಾಸ ಇದ್ದವರು, ಜೊತೆಗೆ ಕೈಯಲ್ಲಿ ಮೈಕು ಬೇರೆ. ಹಿರಿಯರು ಅಲ್ಲಿಯೇ ಅವರ ಕೆನ್ನೆಗೆ ಗರಿ ಎಳೆದು ನೋಡಿದರು. ಇವರು ಗದ್ದುಗೆಯಿಂದ ನೆಲಕ್ಕುರುಳಿ, ನೆಲದಿಂದ ಗದ್ದುಗೆಗೆ ಉರುಳಿ ತೋರಿಸಿದರು. ಗದ್ದುಗೆ ಮತ್ತೆ ಅವರಿಗೇ ಸಿಕ್ಕಿತು.

ಆ ಗಲಾಟೆಯಲ್ಲಿ ಕೂಗದೆ ನಿಂತಿದ್ದವಳು ಒಬ್ಬಳೇ. ದ್ಯಾಮಕ್ಕ ಅರ್ಧ ತೆರೆದ ಬಾಯಿಯನ್ನು ಹಾಗೇ ಹಿಡಿದುಕೊಂಡು, ಕೈ ಗಾಳಿಯಲ್ಲಿ ನಿಲ್ಲಿಸಿ, ಏನೋ ಬಂದು ಹೋಗಲಿ ಎಂದು ಕಾಯುವವಳಂತೆ ನಿಂತಿದ್ದಳು. ಆ ನಿಲುವು ನನಗೆ ಗೊತ್ತು. ಮೊದಲು ಹೋಗಿ ಆ ದೊಡ್ಡ ಫ್ಯಾನು ಆರಿಸಿದೆ. ಮಾರನೆಯ ದಿನ ಅವಳ ಅಣ್ಣನ ಟೆಂಪೊದಲ್ಲಿ ಅವಳನ್ನು ಬುಟ್ಟಿಗಳ ನಡುವೆ ಕೂರಿಸಿದೆ, ಚೌಕಿಯಲ್ಲಿ ಮಲ್ಲಿಗೆ ನಾನು ಕೊಟ್ಟೆ. ಆದರೆ ಕಾವಲಿನವನು ತಾಡಪತ್ರಿ ಎತ್ತುವುದಕ್ಕೂ ಬರಲಿಲ್ಲ. ಅಮ್ಮ ಗದ್ದುಗೆಯ ಮೇಲೆ ಇದ್ದಾಳೆಂದು ಡಂಗುರ ಸಾರಿಯಾಗಿತ್ತಲ್ಲ.

ಅಲ್ಲಿಂದ ಚಳುಕಮ್ಮ ಅಡುಗೆಮನೆಯಿಂದ ಅಡುಗೆಮನೆಗೆ ಅಲೆದಾಡಿದಳು. ಒಬ್ಬಳಿಗೆ ಮಾತ್ರೆ ಹಿಡಿದರೆ ಇನ್ನೊಬ್ಬಳ ಬಳಿ ಹೋಗುತ್ತಿದ್ದಳು. ನಾನೂ ದ್ಯಾಮಕ್ಕನೂ ಅವಳ ಬೆನ್ನ ಹಿಂದೆಯೇ ಓಡಾಡಿ, ಸಿಕ್ಕವಳನ್ನು ಡಾಕ್ಟರ ಬಳಿ ಸಾಗಿಸುತ್ತಿದ್ದೆವು. ಗದ್ದುಗೆಯ ಮೇಲೆ ಇವರು ಮುಲುಗುತ್ತಾ ಆಳಿದರು. ತಮ್ಮ ಕೆನ್ನೆಗೆ ತಾವೇ ಗರಿ ಎಳೆಸಿಕೊಂಡು, ಬೇಕಾದದ್ದಕ್ಕೆ ಕೂಗಿದರು, ಬೇಡದ್ದಕ್ಕೆ ಆಕಳಿಸಿದರು. ಹೂಗಾರರ ಓಣಿಗೆ ನಲ್ಲಿ ಇನ್ನೂ ಬಂದಿಲ್ಲ.

ಮೊನ್ನೆ ಶ್ರಾವಣದ ಒಂದು ಬೆಳಿಗ್ಗೆ ಇವರು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದರು. ನಾನು ಕಾಫಿ ತಂದೆ. ಬ್ಲೇಡು ಮೂಗಿನ ಪಕ್ಕ ನಿಂತಿತ್ತು. ಅರ್ಧ ಮುಖದಲ್ಲಿ ನೊರೆ, ಬಾಯಿ ಅರ್ಧ ತೆರೆದಿತ್ತು, ಕನ್ನಡಿಯಲ್ಲಿ ಕಣ್ಣು ನನ್ನ ಮೇಲಿತ್ತು. ಸದ್ದಿಲ್ಲ. ಕಾಫಿಯನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟುಬಿಟ್ಟೆ. ಉಳಿದ ಅರ್ಧ ಗಡ್ಡ ಹಾಗೇ ಬಿಟ್ಟು ಅವರು ಸಭೆಗೆ ಹೋದರು.

ಅಂದಿನ ಸಭೆಗೆ ನಾನೂ ಹೋಗಿದ್ದೆ. ವಿಷಯ ಓದಿದರು, ಗರಿ ಎಳೆದರು. ಇವರು ಅಲುಗಾಡಲಿಲ್ಲ, ಕಣ್ಣು ಮುಚ್ಚಿ ಉಸಿರು ಹಿಡಿದು ಕೂತರು. ಜನರಿಗೆ ಬೇಸರವಾಯಿತು. "ಇದ್ಯಾವ ಸೀಮೆ ನೋವ್ರೀ? ಹೋದ್ಸಲ ಎಷ್ಟು ಚೆನ್ನಾಗಿ ಉರುಳಿದ್ರು!" ಎಂದು ಒಬ್ಬರೆಂದರು. "ಅಮ್ಮ ಬಿಟ್ಟು ಹೋಗಿದಾಳೆ, ಸುಮ್ನೆ ಕುರ್ಚಿಗೆ ಅಂಟ್ಕೊಂಡಿದಾರೆ" ಎಂದರು ಮತ್ತೊಬ್ಬರು. ಮೇಷ್ಟರು ಎದ್ದು ನಿಂತು, ಮೈಕೇ ಬೇಡದ ದನಿಯಲ್ಲಿ ಕಿರುಚಿದರು. ಗದ್ದುಗೆ ಮೇಷ್ಟರಿಗೆ ಹೋಯಿತು. ಇವರು ಬಾಯಿ ತೆರೆದು "ನಂಗೆ ನಿಜವಾಗ್ಲೂ..." ಎಂದು ಹೇಳಲು ಹೋದರು, ಮೊದಲ ಅಕ್ಷರಕ್ಕೇ ಹೊಡೆಯಿತು.

ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಬೆಳಗಿನ ಕಾಫಿ ಅಲ್ಲೇ ಆರಿಹೋಗಿತ್ತು. ನನ್ನನ್ನು ನೋಡಿದರು. ಏನು ಬೇಕೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ನಾನು ಎಷ್ಟೋ ದಿನಗಳಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು ಒಂದಿತ್ತು. ಬಗ್ಗಿ, ಅದೇ ಮೆಲುದನಿಯಲ್ಲಿ ಅಂದೆ:

"ಇದೊಂದು ಸಭೆ ಸಹಿಸ್ಕೊಳ್ರಿ."

ಅವರ ಕಣ್ಣು ತುಂಬಿ ಬಂತು. ನೀರು ಕೆನ್ನೆಗೆ ಇಳಿಯಿತು, ಹೊಡೆಯಿತು, ಅವರ ಭುಜ ಅದುರಿತು. ನಾನು ಖುಷಿಪಡಬೇಕು ಎಂದುಕೊಂಡಿದ್ದೆ. ಆಗಲಿಲ್ಲ. ಆ ನೋವು ಯಾರ ಕೆನ್ನೆಯಲ್ಲಿದ್ದರೂ ನನಗೆ ಗೊತ್ತಾಗುತ್ತದೆ, ಏನು ಮಾಡಲಿ? ಎದ್ದು ಗಾಳಿ ಬರುವ ಕಿಟಕಿ ಮುಚ್ಚಿದೆ. ಮಣೆ ಎಳೆದುಕೊಂಡು ಎದುರಿಗೆ ಕೂತೆ.

"ಮಾತಾಡ್ಬೇಡ್ರಿ. ಎಲ್ಲಿ ನೋಯ್ತಿದೆ, ತೋರ್ಸಿ."

ಅವರು ಬೆರಳು ಎತ್ತಿ, ಮುಟ್ಟದೆ, ದೂರದಿಂದ ತೋರಿಸಿದರು.

ಟೆಂಪೊದಲ್ಲಿ ಬುಟ್ಟಿಗಳ ನಡುವೆ ಶಾಲು ಸುತ್ತಿ ಕೂರಿಸಿದೆವು. ಬಚ್ಚಿಡುವ ಅಗತ್ಯವೇ ಬೀಳಲಿಲ್ಲ. ಚೌಕಿಯಲ್ಲಿ ಕಾವಲಿನವನು ಇವರ ಮುಖ ನೋಡಿ, ಅಮ್ಮ ಬಿಟ್ಟುಹೋದ ಕೆನ್ನೆ ಎಂದು ಕೈಬೀಸಿ ಕಳಿಸಿಬಿಟ್ಟ. ದ್ಯಾಮಕ್ಕ ಅವನಿಗೆಂದು ಮುರಿದಿಟ್ಟಿದ್ದ ಮೊಳ ಮಲ್ಲಿಗೆಯನ್ನು ನನ್ನ ತಲೆಗೆ ಮುಡಿಸಿದಳು.